ಲಿಫ್ಟ್ ಮಾಡಿಸಿದ ಪಿಕಪ್‌ಗೆ ಮತ್ತೊಂದು ಜೊತೆ ಸ್ಪೇಸರ್: ಕಡಿಮೆ ಖರ್ಚಿನಲ್ಲಿ ನಿಜಕ್ಕೂ ಎಷ್ಟು ಎತ್ತರ ಸಿಗುತ್ತದೆ?

“ಗಾಡಿ ಈಗಾಗಲೇ ಎರಡು ಇಂಚು ಲಿಫ್ಟ್ ಆಗಿದೆಯಾ? ಅದರ ಮೇಲೆ ಇನ್ನೊಂದು ಜೊತೆ ಸ್ಪೇಸರ್ ಕೂರಿಸಿ, ದೊಡ್ಡ ಟೈರ್ ಹಾಕಿಸಿ. ಖರ್ಚು ಕಡಿಮೆ, ಎಂಥ ಕೆಸರಲ್ಲೂ ಸಿಕ್ಕಿಕೊಳ್ಳಲ್ಲ.” ಇಂಥ ಸಲಹೆಯ ವಿಡಿಯೊಗಳು ಮಳೆಗಾಲ ಹತ್ತಿರವಾದಂತೆ ಗ್ರೂಪುಗಳಲ್ಲಿ ಓಡಾಡುತ್ತವೆ. ಮಲೆನಾಡು, ಕೊಡಗಿನ ತೋಟದ ದಾರಿಗಳಲ್ಲಿ ಪಿಕಪ್ ಓಡಿಸುವವರಿಗೆ ಇದು ಆಸೆ ಹುಟ್ಟಿಸುವ ಮಾತೇ. ಈ ಸಲಹೆಯಲ್ಲಿ ಎಷ್ಟು ನಿಜ ಇದೆ, ಎಲ್ಲಿ ಅಪಾಯ ಇದೆ ಎಂದು ನೋಡೋಣ.

ಗಾಡಿ ಎತ್ತರವಾದರೆ ಕಲ್ಲು ತಾಗುವುದಿಲ್ಲವೇ?

ಪೂರ್ತಿ ನಿಜವಲ್ಲ. ಹೆಚ್ಚಿನ ಪಿಕಪ್‌ಗಳ ಹಿಂದುಗಡೆ ಎರಡು ಚಕ್ರಗಳ ನಡುವೆ ಗಟ್ಟಿ ಆಕ್ಸಲ್ ಇರುತ್ತದೆ. ಅದರ ಮಧ್ಯದಲ್ಲಿ ಗುಂಡಗೆ ಕಾಣುವ ಉಬ್ಬೇ ಡಿಫರೆನ್ಷಿಯಲ್. ಗುಂಡಿ ದಾರಿಯಲ್ಲಿ ಮೊದಲು ನೆಲಕ್ಕೆ ಉಜ್ಜುವುದು ಸಾಮಾನ್ಯವಾಗಿ ಇದೇ ಭಾಗ. ಈ ಆಕ್ಸಲ್ ನಿಂತಿರುವುದು ಚಕ್ರದ ಮೇಲೆ, ಸ್ಪ್ರಿಂಗ್ ಮೇಲಲ್ಲ. ಹಾಗಾಗಿ ಸ್ಪ್ರಿಂಗ್ ಎಷ್ಟೇ ಎತ್ತರಿಸಿದರೂ ಇದು ಇದ್ದಲ್ಲೇ ಇರುತ್ತದೆ.

ಲಿಫ್ಟ್‌ನಲ್ಲಿ ಎರಡು ಬಗೆ. ಚಾಸಿಗೂ ಬಾಡಿಗೂ ನಡುವೆ ಸ್ಪೇಸರ್ ಇಟ್ಟರೆ ಅದು ಬಾಡಿ ಲಿಫ್ಟ್. ಇದರಲ್ಲಿ ಚಾಸಿಯೂ ಏರುವುದಿಲ್ಲ, ದೊಡ್ಡ ಟೈರಿಗೆ ಫೆಂಡರ್ ಕೆಳಗೆ ಜಾಗ ಸಿಗುತ್ತದೆ ಅಷ್ಟೆ. ಸ್ಪ್ರಿಂಗ್, ಶ್ಯಾಕಲ್ ಅಥವಾ ಬ್ಲಾಕ್ ಬದಲಿಸಿ ಚಾಸಿಯನ್ನೇ ಎತ್ತಿದರೆ ಅದು ಸಸ್ಪೆನ್ಷನ್ ಲಿಫ್ಟ್. ಚಾಸಿ, ಬಂಪರ್, ಮೆಟ್ಟಿಲು ಮೇಲೇರುತ್ತವೆ. ಕಡಿದಾದ ದಿಬ್ಬ ಹತ್ತಿ ಇಳಿಯುವಾಗ ಇದರಿಂದ ಅನುಕೂಲ ಇದೆ. ಆದರೆ ಡಿಫರೆನ್ಷಿಯಲ್ ಎತ್ತುವ ದಾರಿ ಒಂದೇ: ದೊಡ್ಡ ಟೈರು.

ದೊಡ್ಡ ಟೈರಿನಿಂದ ಎಷ್ಟು ಲಾಭ?

ಟೈರಿನ ಎತ್ತರ ಹೆಚ್ಚಿದ್ದರಲ್ಲಿ ಅರ್ಧ ಮಾತ್ರ. ಆಕ್ಸಲ್ ಚಕ್ರದ ನಡುವೆ ಇರುವುದರಿಂದ ಟೈರಿನ ಕೆಳಗಿನ ಅರ್ಧವಷ್ಟೇ ಅದನ್ನು ಮೇಲೆತ್ತುತ್ತದೆ.

ಒಂದು ಲೆಕ್ಕ ಹಾಕೋಣ. 245/70 ಆರ್ 16 ಟೈರಿನ ಪೂರ್ತಿ ಎತ್ತರ ಸುಮಾರು 749 ಮಿ.ಮೀ. ಅದರ ಬದಲು 265/75 ಆರ್ 16 ಹಾಕಿದರೆ ಸುಮಾರು 804 ಮಿ.ಮೀ. ವ್ಯತ್ಯಾಸ 55 ಮಿ.ಮೀ. ಡಿಫರೆನ್ಷಿಯಲ್ ಏರುವುದು ಸುಮಾರು 27 ಮಿ.ಮೀ., ಅಂದರೆ ಒಂದು ಇಂಚಿಗಿಂತ ಚೂರು ಹೆಚ್ಚು. ನಾಲ್ಕು ಟೈರಿನ ಖರ್ಚು, ಅದಕ್ಕೆ ಜಾಗ ಮಾಡಲು ಸ್ಪೇಸರ್ ಖರ್ಚು, ಎಲ್ಲ ಸೇರಿ ದಕ್ಕುವುದು ಇಷ್ಟೇ.

ಇದರ ಜೊತೆ ಇನ್ನೊಂದು ಬದಲಾವಣೆ ಬರುತ್ತದೆ. ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಮೀಟರಿಗೆ ಇದು ಗೊತ್ತಾಗುವುದಿಲ್ಲ. ಮೇಲಿನ ಲೆಕ್ಕದಲ್ಲಿ ವ್ಯತ್ಯಾಸ ಶೇ. 7ರಷ್ಟು. ಮೊದಲು 80ಕ್ಕೆ 80 ಸರಿಯಾಗಿ ತೋರಿಸುತ್ತಿದ್ದ ಮೀಟರು ಈಗಲೂ 80 ಎನ್ನುತ್ತದೆ, ಗಾಡಿ ಓಡುತ್ತಿರುವುದು ಸುಮಾರು 86ರಲ್ಲಿ. ಚಕ್ರ ನೆಲವನ್ನು ತಳ್ಳುವ ಬಲವೂ ಅಷ್ಟೇ ಪ್ರಮಾಣದಲ್ಲಿ ಕುಗ್ಗುತ್ತದೆ. ಲೋಡ್ ಹಾಕಿಕೊಂಡು ಏರು ಹತ್ತುವಾಗ ಮೊದಲಿಗಿಂತ ಬೇಗ ಗೇರ್ ಇಳಿಸಬೇಕಾಗುತ್ತದೆ. ಬ್ರೇಕ್ ಹಳೆಯದೇ ಇರುವುದರಿಂದ ದೊಡ್ಡ, ಭಾರದ ಚಕ್ರವನ್ನು ನಿಲ್ಲಿಸಲು ಹೆಚ್ಚು ಒತ್ತಬೇಕು.

ಸ್ಪೇಸರ್ ಮೇಲೆ ಸ್ಪೇಸರ್ ಯಾಕೆ ಬೇಡ?

ಮೊದಲ ಲಿಫ್ಟ್ ಮಾಡಿದಾಗಲೇ ಗಾಡಿಯ ಕೀಲುಗಳಿಗೆ ಕಂಪನಿ ಬಿಟ್ಟಿದ್ದ ಅಂತರ ಬಹುಪಾಲು ಮುಗಿದಿರುತ್ತದೆ. ಎರಡನೆಯದು ಅದನ್ನೂ ಮೀರುತ್ತದೆ.

ಮುಂದಿನ ಚಕ್ರಗಳಿಗೆ ಬೇರೆ ಬೇರೆ ಸಸ್ಪೆನ್ಷನ್ ಇರುವ ಗಾಡಿಗಳಲ್ಲಿ ಡ್ರೈವ್ ಶಾಫ್ಟಿನ ಕೀಲು ತೀರಾ ಓರೆಯಾಗುತ್ತದೆ, ರಬ್ಬರ್ ಬೂಟ್ ಹರಿಯುತ್ತದೆ, ಬಾಲ್ ಜಾಯಿಂಟ್ ಬೇಗ ಸವೆಯುತ್ತದೆ. ಹಿಂದುಗಡೆ ಲೀಫ್ ಸ್ಪ್ರಿಂಗ್ ಕೆಳಗೆ ಒಂದರ ಮೇಲೊಂದು ಬ್ಲಾಕ್ ಪೇರಿಸುವುದು ಇನ್ನೂ ಅಪಾಯ. ಜೋರಾಗಿ ಬ್ರೇಕ್ ಹಾಕಿದಾಗ ಆಕ್ಸಲ್ ತಿರುಚಿಕೊಳ್ಳಲು ನೋಡುತ್ತದೆ. ಪೇರಿಸಿದ ಬ್ಲಾಕ್ ಜಾರಿದರೆ ಆಕ್ಸಲ್ಲೇ ಜಾಗ ಬಿಡುತ್ತದೆ. ಬಾಡಿ ಸ್ಪೇಸರ್‌ಗಳನ್ನು ಪೇರಿಸಿದರೂ ಉದ್ದದ ಬೋಲ್ಟ್‌ಗಳ ಮೇಲೆ ಬಾಗಿಸುವ ಹೊರೆ ಬೀಳುತ್ತದೆ.

ಹೆಚ್ಚಿನವರ ಗಮನಕ್ಕೆ ಬಾರದ ಸಂಗತಿ ಇನ್ನೊಂದಿದೆ. ಅನೇಕ ಪಿಕಪ್‌ಗಳಲ್ಲಿ ಚಾಸಿಗೂ ಹಿಂದಿನ ಆಕ್ಸಲ್‌ಗೂ ನಡುವೆ ಒಂದು ಸಣ್ಣ ಸರಳು ಇರುತ್ತದೆ. ಅದು ಲೋಡ್ ಸೆನ್ಸಿಂಗ್ ವಾಲ್ವಿನದ್ದು. ಲೋಡ್ ಹಾಕಿದಾಗ ಚಾಸಿ ತಗ್ಗುತ್ತದೆ, ಆಗ ಈ ವಾಲ್ವ್ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಕೊಡುತ್ತದೆ. ಸಸ್ಪೆನ್ಷನ್ ಎತ್ತರಿಸಿ ಈ ಸರಳನ್ನು ಹಾಗೇ ಬಿಟ್ಟರೆ, ತುಂಬಿದ ಗಾಡಿಯನ್ನೂ ವಾಲ್ವ್ ಖಾಲಿ ಎಂದೇ ತಿಳಿಯುತ್ತದೆ. ಚಾರ್ಮಾಡಿಯಂಥ ಘಾಟಿಯಲ್ಲಿ ಲೋಡಿನೊಂದಿಗೆ ಇಳಿಯುವಾಗ ಹಿಂದಿನ ಬ್ರೇಕ್ ಬೇಕಾದಷ್ಟು ಹಿಡಿಯುವುದಿಲ್ಲ.

ಮಗುಚುವ ಭಯ ಎಷ್ಟು?

ಇದಕ್ಕೆ ಸರಳ ಅಳತೆ ಇದೆ. ಎಡ ಮತ್ತು ಬಲ ಚಕ್ರಗಳ ನಡುವಿನ ಅಗಲದ ಅರ್ಧವನ್ನು ಗಾಡಿಯ ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಬೇಕು. ಬರುವ ಸಂಖ್ಯೆ ಸಣ್ಣದಾದಷ್ಟೂ ಗಾಡಿ ಸುಲಭವಾಗಿ ಮಗುಚುತ್ತದೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2001ರಿಂದ ವಾಹನಗಳ ಮಗುಚುವ ಅಪಾಯಕ್ಕೆ ರೇಟಿಂಗ್ ಕೊಡಲು ಇದೇ ಅಳತೆಯನ್ನು ಬಳಸಲು ಶುರು ಮಾಡಿತು.

ಚಕ್ರಗಳ ನಡುವೆ 1500 ಮಿ.ಮೀ. ಅಗಲ, ಗುರುತ್ವಕೇಂದ್ರ 700 ಮಿ.ಮೀ. ಎತ್ತರದಲ್ಲಿದೆ ಎಂದುಕೊಳ್ಳಿ. ಉತ್ತರ 1.07. ಲಿಫ್ಟು, ಟೈರು ಸೇರಿ ಅದು 100 ಮಿ.ಮೀ. ಏರಿದರೆ 0.94. ಮೇಲೆ ಗೊಬ್ಬರದ ಮೂಟೆ ಪೇರಿಸಿದರೆ, ಹಿಂದೆ ಆಳುಗಳು ನಿಂತುಕೊಂಡರೆ ಇನ್ನೂ ಕಡಿಮೆ. ತಿರುವಿನಲ್ಲಿ ಇದಕ್ಕೆ ಬೆಲೆ ತೆರುವವರು ಹಿಂದೆ ನಿಂತವರು.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಮಾಲೀಕರು ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಜನವರಿ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ನಿಯಮ ಮೀರಿದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದು ಸೇರಿತು. ವಿಮಾ ಕಂಪನಿಗೆ ತಿಳಿಸದ ಮಾರ್ಪಾಡು ಕ್ಲೇಮಿನ ಹೊತ್ತಿನಲ್ಲಿ ತಕರಾರಿಗೆ ದಾರಿಯಾಗಬಹುದು. ಸ್ಪೇಸರಿನಲ್ಲಿ ಉಳಿಸಿದ ಹಣ ಅಲ್ಲಿಗೆ ಮುಗಿಯಿತು.

ಹಾಗಾದರೆ ಕಡಿಮೆ ಖರ್ಚಿನಲ್ಲಿ ಏನು ಮಾಡಬಹುದು?

ಮೊದಲು ಗಾಡಿಯ ಎತ್ತರ ಅಳೆಯಿರಿ. ವರ್ಷಗಟ್ಟಲೆ ಲೋಡ್ ಹೊತ್ತ ಲೀಫ್ ಸ್ಪ್ರಿಂಗ್ ಕುಸಿದಿರುತ್ತದೆ. ಅದನ್ನು ಸರಿಪಡಿಸಿದರೆ ಅಥವಾ ಕಂಪನಿ ಅಳತೆಯದ್ದನ್ನೇ ಹೊಸದಾಗಿ ಹಾಕಿಸಿದರೆ ಕಳೆದುಹೋದ ಎತ್ತರ ಕಾನೂನುಬದ್ಧವಾಗಿಯೇ ವಾಪಸ್ ಬರುತ್ತದೆ.

ಎರಡನೆಯದು, ನಿಮ್ಮದೇ ಅಳತೆಯಲ್ಲಿ ಒರಟು ಪಟ್ಟಿಯ ಆಲ್ ಟೆರೇನ್ ಟೈರ್ ಹಾಕಿಸಿ. ಕೆಸರಿನಲ್ಲಿ ಗಾಡಿ ನಿಲ್ಲುವುದು ಬಹಳ ಸಲ ಎತ್ತರ ಸಾಲದೆ ಅಲ್ಲ, ಹಿಡಿತ ಸಾಲದೆ. ದೊಡ್ಡ ಅಳತೆಯೇ ಬೇಕೆಂದರೆ, ನಿಮ್ಮ ಮಾಡೆಲ್ಲಿನ ಮೇಲಿನ ವೇರಿಯಂಟಿಗೆ ಕಂಪನಿಯೇ ಕೊಡುವ ಅಳತೆಯವರೆಗೆ ಮಾತ್ರ ಯೋಚಿಸಿ. ಟೈರಿನ ಲೋಡ್ ಇಂಡೆಕ್ಸ್ ಮೂಲದ್ದಕ್ಕಿಂತ ಕಡಿಮೆ ಇರಬಾರದು.

ಮೂರನೆಯದು, ತೀರಾ ಕೆಸರಿನಲ್ಲಿ ಗಾಳಿಯನ್ನು ಸ್ವಲ್ಪ ಇಳಿಸಿ ನಿಧಾನಕ್ಕೆ ದಾಟಿ. ಟೈರು ಅಗಲವಾಗಿ ನೆಲ ಹಿಡಿಯುತ್ತದೆ. ಡಾಂಬರು ರಸ್ತೆಗೆ ಬಂದ ಕೂಡಲೇ ಮತ್ತೆ ತುಂಬಿಸಿ. ಇದಕ್ಕೆ ಬೇಕಿರುವುದು ಒಂದು ಪ್ರೆಶರ್ ಗೇಜು, ಒಂದು 12 ವೋಲ್ಟ್ ಪಂಪು.

ಈಗಾಗಲೇ ಲಿಫ್ಟ್ ಮಾಡಿಸಿದ ಗಾಡಿ ನಿಮ್ಮಲ್ಲಿದ್ದರೆ ಒಳ್ಳೆಯ ಮೆಕ್ಯಾನಿಕ್ ಹತ್ತಿರ ನಾಲ್ಕು ವಿಷಯ ಪರೀಕ್ಷೆ ಮಾಡಿಸಿ: ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಬ್ರೇಕ್ ಹೋಸ್ ಎಳೆದಂತಾಗುತ್ತದೆಯೇ, ಯು ಬೋಲ್ಟ್‌ಗಳು ಬಿಗಿಯಾಗಿವೆಯೇ, ಲೋಡ್ ವಾಲ್ವಿನ ಸರಳನ್ನು ಹೊಸ ಎತ್ತರಕ್ಕೆ ಹೊಂದಿಸಲಾಗಿದೆಯೇ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತಿದೆಯೇ.

ಕೊನೆಯ ಮಾತು: ಸ್ಪೇಸರ್ ಪೇರಿಸಿದರೆ ಗಾಡಿ ಎತ್ತರವಾಗಿ ಕಾಣುತ್ತದೆ ಎನ್ನುವುದು ನಿಜ. ಅದರಿಂದ ಎಲ್ಲ ಕಡೆ ಹತ್ತುತ್ತದೆ ಎನ್ನುವುದು ಸುಳ್ಳು. ಮುಂದಿನ ಸಲ ಅಂಥ ವಿಡಿಯೊ ಬಂದರೆ ಫಾರ್ವರ್ಡ್ ಮಾಡುವ ಮೊದಲು ಗಾಡಿಯ ಹಿಂದೆ ಬಗ್ಗಿ, ಡಿಫರೆನ್ಷಿಯಲ್ ಎಷ್ಟು ಎತ್ತರದಲ್ಲಿದೆ ಎಂದು ಒಮ್ಮೆ ನೋಡಿ.