ತೊಗರಿ ಕಟ್ಟಿಗೆಯ ಲೆಕ್ಕ

ಎಳ್ಳಮವಾಸ್ಯೆ ಮುಗಿದು ತೊಗರಿ ರಾಶಿ ನಡೆದಿರುವ ದಿನಗಳಲ್ಲಿ ಬಸವಕಲ್ಯಾಣದಿಂದ ಮೋರಖಂಡಿಯತ್ತ ಹೊರಟರೆ ಗಾಳಿಯ ತುಂಬ ಒಣ ಹೊಟ್ಟಿನ ವಾಸನೆ. ಬಡಿದ ತೊಗರಿಯ ಕಟ್ಟಿಗೆ ಹೊಲದ ಬದುವಿನಲ್ಲೂ ಮನೆಯ ಹಿತ್ತಲಲ್ಲೂ ಒಟ್ಟಿರುತ್ತದೆ. ಒಲೆಗೂ ಅದೇ, ಬೇಲಿಗೂ ಅದೇ. ಈ ಸೀಮೆಯಲ್ಲಿ ಕನ್ನಡ, ಮರಾಠಿ, ದಖನಿ ಉರ್ದು, ಲಂಬಾಣಿ ಎಲ್ಲವೂ ಕಿವಿಗೆ ಬೀಳುತ್ತವೆ. ಶಾಲೆಯ ಗಂಟೆ ಹೊಡೆದರೆ ಆ ಎಲ್ಲ ಮಾತುಗಳೂ ಒಂದೇ ಚಾಪೆಯ ಮೇಲೆ ಬಂದು ಕೂಡುತ್ತವೆ.

ಬನ್ನಿ, ಸದ್ದು ಮಾಡದೆ, ಚಿಕ್ಕ ಮಕ್ಕಳು ಆಡುತ್ತ ಕಲಿಯುವ ಒಂದು ನಲಿ-ಕಲಿ ಕೋಣೆಯ ಮೂಲೆಯಲ್ಲಿ ಕೂಡೋಣ. ತಲೆಯ ಮೇಲೆ ದಾರದ ಚಪ್ಪರ, ಅದರಲ್ಲಿ ಮಕ್ಕಳು ಬರೆದ ಚಿತ್ರಗಳು ತೂಗಾಡುತ್ತಿರುತ್ತವೆ. ಗೋಡೆಯ ಕೆಳಭಾಗದಲ್ಲಿ, ಕೂತ ಮಗುವಿನ ಕೈಗೆ ಎಟಕುವಂತೆ ಕರಿಹಲಗೆ. ಒಂದು ಗುಂಪು ಕಾರ್ಡು ಹರಡಿಕೊಂಡಿದೆ, ಇನ್ನೊಂದು ಕಲಿಕೆಯ ಹಂತಗಳನ್ನು ತೋರಿಸುವ ಕಲಿಕಾ ಏಣಿಯ ಮುಂದೆ ಬೆರಳಿಟ್ಟು ತನ್ನ ಮೆಟ್ಟಿಲು ಹುಡುಕುತ್ತಿದೆ. ಬಿಸಿಯೂಟದ ಕೋಣೆಯಿಂದ ಒಗ್ಗರಣೆಯ ಘಮ ಬರುತ್ತಿದೆ.

ಅಲ್ಲೊಬ್ಬ ಹುಡುಗಿ ಪಾಟಿಯ ಮೇಲೆ 42ರಲ್ಲಿ 17 ಕಳೆದು 35 ಎಂದು ಬರೆದಿದ್ದಾಳೆ ಎನ್ನಿ. ತಪ್ಪೆಂದು ಗೆರೆ ಎಳೆದು ಮುಂದೆ ಹೋಗುವುದು ಸುಲಭ. ಆದರೆ ಗುರುಗಳು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ‘ಇದು ಹ್ಯಾಂಗ ಮಾಡ್ದಿ ಅವ್ವಾ?’ ಎಂದು ಕೇಳುತ್ತಾರೆ.

‘ಎರಡರಾಗ ಏಳು ಹೋಗಲ್ಲರೀ ಸರ್, ಅದಕ್ಕ ಏಳರಾಗ ಎರಡು ತೆಗ್ದೀನ್ರಿ.’

ಮಗು ಯೋಚಿಸಿಯೇ ಮಾಡಿದೆ! ಬೇರೆ ಪಾಟಿಗಳನ್ನೂ ತಿರುವಿ ನೋಡಿದರೆ ಅದೇ ದಾರಿ, ಅದೇ ಉತ್ತರ. ಹಾಗಾದರೆ ತಿದ್ದಬೇಕಾದದ್ದು ಪಾಠವನ್ನು. ಯಾರು ಎಲ್ಲಿ ಎಡವಿದರು ಎಂದು ಗುರುಗಳು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಮರುದಿನ ಅದೇ ತೊಗರಿ ಕಟ್ಟಿಗೆ ಬೆರಳುದ್ದದ ತುಂಡುಗಳಾಗಿ, ಹತ್ತು ಹತ್ತರ ಕಟ್ಟಾಗಿ ಚಾಪೆಯ ಮೇಲೆ ಬರುತ್ತದೆ. ನಾಲ್ಕು ಕಟ್ಟು, ಎರಡು ಬಿಡಿ. ಏಳು ಕೊಡಬೇಕು, ಇರುವುದು ಎರಡೇ. ಹುಡುಗಿ ಕಡ್ಡಿಗಳನ್ನೇ ನೋಡುತ್ತ ಕೂತು, ಕೊನೆಗೆ ಒಂದು ಕಟ್ಟಿನ ದಾರ ಬಿಚ್ಚುತ್ತಾಳೆ. ಹನ್ನೆರಡು ಬಿಡಿಯಾದವು, ಏಳು ತೆಗೆದರೆ ಐದು. ಉಳಿದ ಮೂರು ಕಟ್ಟಿನಲ್ಲಿ ಒಂದು ತೆಗೆದರೆ ಎರಡು. ಪಾಟಿಯ ಮೇಲೆ 25 ಮೂಡುತ್ತದೆ. ಮುಂದೆ ಕಡ್ಡಿಯ ಬದಲು ಚಿತ್ರ, ಆಮೇಲೆ ಬರೀ ಅಂಕಿ. ಕೆಲವು ವಾರ ಕಳೆದು ಅಂಥವೇ ಲೆಕ್ಕ ಕೊಟ್ಟು ಹಳೆಯ ಪುಟದೊಂದಿಗೆ ಹೋಲಿಸಿ ನೋಡುವುದು. ಇನ್ನೂ ಯಾರಾದರೂ ಹಿಂದುಳಿದಿದ್ದರೆ ಅವರಿಗಾಗಿ ಮತ್ತೊಂದು ದಾರಿ.

ತರಗತಿಯ ತೊಡಕನ್ನು ಗುರುಗಳೇ ಹುಡುಕಿ, ದಾರಿ ಮಾಡಿ, ಫಲ ನೋಡುವ ಈ ಕೆಲಸವೇ ಕ್ರಿಯಾ ಸಂಶೋಧನೆ. 1946ರಲ್ಲಿ ಅಮೆರಿಕದಲ್ಲಿ ಮನಶ್ಶಾಸ್ತ್ರಜ್ಞ ಕುರ್ಟ್ ಲೆವಿನ್ ಈ ವಿಧಾನದ ಬಗ್ಗೆ ಬರೆದರು. 1953ರಲ್ಲಿ ಶಿಕ್ಷಣತಜ್ಞ ಸ್ಟೀಫನ್ ಕೋರಿ ಅದನ್ನು ಶಾಲೆಯ ಶಿಕ್ಷಕರ ಕೈಗೆ ಒಪ್ಪಿಸುವ ಪುಸ್ತಕ ತಂದರು. ನಮ್ಮಲ್ಲಿ 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಜಿಲ್ಲೆಗಳಲ್ಲಿ ಶಿಕ್ಷಕರ ತರಬೇತಿಗೆಂದು ಹುಟ್ಟಿದ ಡಯಟ್‌ಗಳಿಗೆ ಇದೂ ಒಂದು ಹೊಣೆ.

ನಾವು ಕೂತಿರುವ ನಲಿ-ಕಲಿ ಕೋಣೆಗೂ ಅಂಥದೇ ಬೇರಿದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು, ತಮ್ಮ ಮಕ್ಕಳಿಗೆ ಹೊಂದುವ ಕಾರ್ಡುಗಳನ್ನು ತಾವೇ ರೂಪಿಸಿ, ತಮ್ಮ ತರಗತಿಗಳಲ್ಲೇ ಬಳಸಿ ನೋಡಿದರು. 2009-10ರ ಹೊತ್ತಿಗೆ ಆ ನಲಿ-ಕಲಿ ರಾಜ್ಯದ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಗಳಿಗೆಲ್ಲ ಹಬ್ಬಿತು.

ಆದ್ದರಿಂದ ಗುರುಗಳ ನೋಟ್‌ಬುಕ್ಕು ಫೈಲು ಸೇರಿ ಧೂಳು ತಿನ್ನಬಾರದು. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಯಲ್ಲಿ ಸುತ್ತೋಲೆ ಓದುವ ಮೊದಲು ಅದರ ಒಂದು ಪುಟ ಓದಲಿ. ಮೋರಖಂಡಿಯ ಸುತ್ತಿನ ಒಂದು ಶಾಲೆಯಲ್ಲಿ ಬಿಡಿಸಿದ ಗಂಟು ಹುಮನಾಬಾದಿನ ಇನ್ನೊಂದು ಶಾಲೆಯ ಮಗುವಿಗೂ ದಕ್ಕಬೇಕು.