ನೀರೊಳಗಿನ ಹೈಡ್ರಿಲ್ಲಾ: ಗುರುತಿಸುವ ಬಗೆ

ತುಂಗಭದ್ರೆಯ ಕೆಳಮಟ್ಟದ ಕಾಲುವೆಯು ನಮ್ಮ ಎಮ್ಮಿಗನೂರಿನ ಸೀಮೆಗೆ ನೀರುಣಿಸುತ್ತದೆ. ಕಾಲುವೆ ಕೆರೆಗಳಲ್ಲಿ ನೀರಿನ ವೇಗ ತಗ್ಗಿದೆಡೆ ಗಿಡಗಳು ಮುಳುಗಿಯೇ ಬೆಳೆಯುವುದುಂಟು. ಜನರು ಅವೆಲ್ಲವನ್ನೂ ಪಾಚಿಯೆನ್ನುತ್ತಾರೆ. ಆದರೆ ಪಾಚಿಗೆ ನಿಜವಾದ ಬೇರು, ಕಾಂಡ, ಎಲೆಗಳಿಲ್ಲ. ಹೈಡ್ರಿಲ್ಲಾ ಇವೆಲ್ಲವೂ ಇರುವ, ಹೂ ಬಿಡುವ ಸಸ್ಯ.

ಇದನ್ನು ಗುರುತಿಸುವುದು ಹೇಗೆ? ದಡಕ್ಕೆ ಬಂದ ತುಂಡೊಂದನ್ನು ನೀರು ತುಂಬಿದ ಬಿಳಿಯ ತಟ್ಟೆಯಲ್ಲಿ ಹರಡಿರಿ. ಒಂದೊಂದು ಗೆಣ್ಣಿನಲ್ಲಿಯೂ ಸಾಮಾನ್ಯವಾಗಿ 4ರಿಂದ 8 ಎಲೆಗಳು ಚಕ್ರದ ಅರಗಳಂತೆ ಸುತ್ತಲೂ ನಿಂತಿರುತ್ತವೆ. ಎಲೆಯ ಉದ್ದ ಸುಮಾರು 1ರಿಂದ 2 ಸೆಂಟಿಮೀಟರು. ಅಂಚಿನಲ್ಲಿ ಗರಗಸದಂತಹ ಸಣ್ಣ ಹಲ್ಲುಗಳು. ಕೆಳಮೈಯ ನಡುನರದ ಮೇಲೂ ಹಲವೇಳೆ ಮುಳ್ಳುಗಳಿರುವುದರಿಂದ ಬೆರಳಿಗೆ ಒರಟೆನಿಸುತ್ತದೆ. ಕೆಸರಿನೊಳಗೆ ಹಬ್ಬಿದ ಕಾಂಡದ ತುದಿಯಲ್ಲಿ ಪುಟ್ಟ ಗಡ್ಡೆ ದೊರೆತರೆ ಗುರುತು ಇನ್ನೂ ದೃಢವಾಗುವುದು.

ಇತರ ಗಿಡಗಳನ್ನು ಕಂಡು ಮೋಸಹೋಗಬಾರದು. ಸೆರಟೋಫಿಲ್ಲಮಿನ ಎಲೆಗಳು ಕವಲೊಡೆದಿರುತ್ತವೆ, ಅದಕ್ಕೆ ಬೇರಿಲ್ಲ. ವ್ಯಾಲಿಸ್ನೇರಿಯದ ಎಲೆಗಳು ಬುಡದಿಂದಲೇ ಹೊರಟ ಉದ್ದನೆಯ ಪಟ್ಟಿಗಳು. ಕೇರಾ ಮಾತ್ರ ನಿಜವಾಗಿ ಪಾಚಿಯೇ. ಅದು ಸುಣ್ಣ ಹತ್ತಿ ಒರಟಾಗಿದ್ದು, ಹಿಸುಕಿದರೆ ದುರ್ವಾಸನೆ ಬೀರುತ್ತದೆ.

ಈ ಗುರುತಿನಿಂದೇನು ಪ್ರಯೋಜನ? ಶಾಲೆಯಲ್ಲಿ ಬಿಸಿಲಿಗಿಟ್ಟ ಹೈಡ್ರಿಲ್ಲಾ ಆಮ್ಲಜನಕದ ಗುಳ್ಳೆಗಳನ್ನು ಬಿಡುವುದನ್ನು ನೀವು ನೋಡಿರಬಹುದು. ಮರಿಮೀನುಗಳಿಗೂ ಅದು ಆಶ್ರಯ. ಆದರೆ ಕಾಲುವೆಯಲ್ಲಿ ದಟ್ಟವಾದರೆ ಹರಿವು ಕುಂದಿ, ಕೊನೆಯ ಹೊಲದ ರೈತನಿಗೆ ನೀರು ತಲಪದು. ಕತ್ತರಿಸಿ ನೀರಿಗೇ ಎಸೆದರೆ ಗೆಣ್ಣುಳ್ಳ ಪ್ರತಿಯೊಂದು ತುಂಡೂ ಹೊಸ ಗಿಡವಾಗಬಲ್ಲದು. ಆದ್ದರಿಂದ ಕಿತ್ತುದನ್ನು ದಡದಲ್ಲಿ ಒಣಗಿಸಬೇಕು. ಬಾಲಕ ಬಾಲಿಕೆಯರೇ, ಗಿಡಕ್ಕಾಗಿ ನೀವು ಎಂದಿಗೂ ನೀರಿಗಿಳಿಯಬೇಡಿರಿ. ಹಿರಿಯರೊಡನೆ ದಡದಲ್ಲಿಯೇ ನಿಂತು ಪರೀಕ್ಷಿಸಿರಿ.