ಬಾಣಂತಿಯ ಮನಸ್ಸನ್ನು ಕೇಳುವವರು ಯಾರು?

ವರದಮೂಲದ ಸುತ್ತಲಿನ ಹಳ್ಳಿಗಳಲ್ಲಿ ಬಾಣಂತನವೆಂದರೆ ಇಡೀ ಮನೆ ಟೊಂಕಕಟ್ಟಿ ನಿಲ್ಲುವ ಕಾಲ. ಬೆಳಗಿನ ಜಾವಕ್ಕೇ ಬಚ್ಚಲ ಹಂಡೆಯ ಒಲೆ ಉರಿಯತೊಡಗುತ್ತದೆ. ಎಣ್ಣೆ ಹಚ್ಚಿ ಬಿಸಿನೀರು ಎರೆಯಲು ಒಬ್ಬರು, ಕೂಸನ್ನು ಕಾಲಮೇಲೆ ಮಲಗಿಸಿ ಮೀಯಿಸಲು ಒಬ್ಬರು, ಸಾಂಬ್ರಾಣಿ ಹೊಗೆ ಹಾಕಲು ಒಬ್ಬರು, ಪಥ್ಯದ ಸಾರು ಕಾಯಿಸಲು ಮತ್ತೊಬ್ಬರು. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ತಾಯಂದಿರಿಗೆ ಶರೀರದ ಆರೈಕೆಯನ್ನು ಹೊರಗಿನವರು ಬಂದು ಕಲಿಸಬೇಕಾದ ಅಗತ್ಯ ಅಷ್ಟಾಗಿ ಇಲ್ಲ. ಆದರೆ ಇಷ್ಟು ಜನ ಸುತ್ತ ಓಡಾಡುತ್ತಿದ್ದರೂ "ನಿನ್ನ ಮನಸ್ಸು ಹ್ಯಾಗಿದೆ ಮಗಾ?" ಎಂದು ಆ ಹೆಣ್ಣುಮಗಳನ್ನು ಕೇಳುವವರು ವಿರಳ. ಕೇಳಬೇಕಾದ ವೈದ್ಯರು, ಸಿಸ್ಟರ್‌ಗಳು, ಆಶಾ ಕಾರ್ಯಕರ್ತೆಯರಿಗೂ ಹಾಗೆ ಕೇಳುವುದನ್ನು ಯಾರೂ ಸರಿಯಾಗಿ ಕಲಿಸಿಲ್ಲ. ಈ ಲೇಖನ ಬರೆಯಲು ನಮ್ಮನ್ನು ಪ್ರೇರೇಪಿಸಿದ್ದು ನಮ್ಮಿಂದಲೇ ಆದ ಒಂದು ಪ್ರಮಾದ. ಅದನ್ನು ಮೊದಲು ಹೇಳಿಬಿಡುವುದು ಉಚಿತ.

ಕೆಲವು ವರ್ಷಗಳ ಹಿಂದಿನ ಮಾತು. ಶರಾವತಿ ಹಿನ್ನೀರಿನ ಆಚೆಯ ಒಂದು ಹಳ್ಳಿಯಿಂದ ಹದಿನಾಲ್ಕು ದಿನದ ಬಾಣಂತಿಯೊಬ್ಬಳನ್ನು ಸೋಮವಾರ ಮಠಕ್ಕೆ ಕರೆತಂದರು. ಆಗಿನ್ನೂ ಸಿಗಂದೂರು ಸೇತುವೆ ಆಗಿರಲಿಲ್ಲ; ಅದು ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ. ಕೂಸನ್ನು ಎತ್ತಿಕೊಂಡು ಲಾಂಚ್ ಹತ್ತಿ ದಾಟಿ ಬಂದಿದ್ದರು. ಮೂರು ರಾತ್ರಿಯಿಂದ ಆಕೆಗೆ ನಿದ್ದೆಯಿಲ್ಲ. ಒಮ್ಮೆ ತಡೆಯಿಲ್ಲದೆ ಮಾತನಾಡುವಳು, ಒಮ್ಮೆ ಗೋಡೆ ನೋಡುತ್ತ ಕೂರುವಳು. ಕೂಸು ತನ್ನದಲ್ಲ, ಯಾರೋ ಬದಲಾಯಿಸಿದ್ದಾರೆ ಎಂಬುದೊಂದೇ ಆಕೆಯ ಮಾತು. "ಗಾಳಿ ಸೋಕಿದೆ ಸ್ವಾಮೀ, ವಿಭೂತಿ ಮಂತ್ರಿಸಿ ಕೊಡಿ" ಎಂದರು ಅತ್ತೆ. ಶ್ರೀಗಳು ಪ್ರವಾಸದಲ್ಲಿದ್ದರು. ನಾವು ಗದ್ದುಗೆಯ ವಿಭೂತಿ ಕೊಟ್ಟು, ಧೈರ್ಯ ಹೇಳಿ, ಶ್ರೀಗಳು ಬಂದ ಮೇಲೆ ಮುಂದಿನ ಸೋಮವಾರ ಬನ್ನಿರೆಂದು ಕಳುಹಿಸಿದೆವು. ಕನ್ನಡ ಎಂ.ಎ. ಮಾಡಿದ್ದೇವೆ, ನಾಲ್ಕು ಪುಸ್ತಕ ಓದಿದ್ದೇವೆ. ಆದರೂ ಆ ಹೊತ್ತಿನಲ್ಲಿ ನಮಗೆ ಹೊಳೆದದ್ದು ಅಷ್ಟೇ.

ಆಶಾ ಕಾರ್ಯಕರ್ತೆ ಹದಿನಾಲ್ಕನೆಯ ದಿನದ ಭೇಟಿಗೆಂದು ಆ ಮನೆಗೆ ಹೋಗಿದ್ದುದು ಅದೇ ಸೋಮವಾರ. ತಾಯಿ-ಮಗು ಮಠಕ್ಕೆ ಹೋಗಿದ್ದಾರೆಂದು ತಿಳಿದು ಹಿಂತಿರುಗಿದ್ದರು. ಇಪ್ಪತ್ತೊಂದನೆಯ ದಿನ ಮತ್ತೆ ಹೋದಾಗ ಬಾಣಂತಿ ಕೂಸಿನೊಡನೆ ಬಾವಿಕಟ್ಟೆಯ ಮೇಲೆ ಕುಳಿತಿದ್ದಳು. ಆ ಕಾರ್ಯಕರ್ತೆ ಮೆಲ್ಲನೆ ಮಾತಾಡಿಸುತ್ತ ಕೂಸನ್ನು ಕೈಗೆ ತೆಗೆದುಕೊಂಡು, ಅಂದೇ ವಾಹನ ಮಾಡಿಸಿ ಸಾಗರಕ್ಕೂ ಅಲ್ಲಿಂದ ಶಿವಮೊಗ್ಗಕ್ಕೂ ಕರೆದೊಯ್ದರು. ಚಿಕಿತ್ಸೆಯಾಯಿತು, ಆಕೆ ಗುಣಮುಖಳಾದಳು. ನಂತರ ನಾವು ಆ ಕಾರ್ಯಕರ್ತೆಯನ್ನು ಕಂಡು, "ಇದು ಕಾಯಿಲೆಯೆಂದು ನಿಮಗೆ ಹೇಗೆ ತಿಳಿಯಿತು ತಾಯಿ?" ಎಂದು ಕೇಳಿದೆವು. "ತರಬೇತಿಯಲ್ಲಿ ಇದನ್ನೆಲ್ಲ ಹೇಳಿಕೊಟ್ಟಿಲ್ಲ ಸರ್. ನಮ್ಮ ಅಕ್ಕನಿಗೆ ಹೀಗೇ ಆಗಿತ್ತು" ಎಂದರು. ಒಂದು ಜೀವ, ಅಲ್ಲ, ಎರಡು ಜೀವ ಉಳಿದದ್ದು ಯಾವುದೋ ಮನೆಯ ಅಕ್ಕನ ಸಂಕಟದ ನೆನಪಿನಿಂದ. ಆ ನೆನಪು ಇಲ್ಲದ ಕಾರ್ಯಕರ್ತೆ ಬಂದಿದ್ದರೆ ಏನಾಗುತ್ತಿತ್ತೆಂಬುದನ್ನು ನಾವು ಊಹಿಸಲಾರೆವು.

ನಮ್ಮ ಹಿರಿಯರಿಗೆ ಈ ಕಾಯಿಲೆ ಗೊತ್ತಿರಲಿಲ್ಲವೆಂದಲ್ಲ. 'ಬಾಣಂತಿ ಸನ್ನಿ' ಎಂಬ ಮಾತು ಕನ್ನಡದಲ್ಲಿ ಮೊದಲಿನಿಂದಲೂ ಇದೆ. ಸಾವಿರ ಹೆರಿಗೆಗೆ ಒಬ್ಬರು ಅಥವಾ ಇಬ್ಬರಲ್ಲಿ, ಬಹುಮಟ್ಟಿಗೆ ಹೆರಿಗೆಯ ನಂತರದ ಮೊದಲ ಎರಡು ವಾರಗಳಲ್ಲಿ ಇದು ಕಾಣಿಸುತ್ತದೆ. ನಿದ್ದೆಗೆಡುವುದು, ಗೊಂದಲ, ಇಲ್ಲದ ದನಿ ಕೇಳುವುದು, ಮಗುವಿನ ಬಗ್ಗೆ ವಿಪರೀತ ಶಂಕೆ ಇದರ ಲಕ್ಷಣಗಳು. ಹಾವು ಕಚ್ಚಿದವರನ್ನು ಒಯ್ಯುವಷ್ಟೇ ತ್ವರೆಯಿಂದ ಆಸ್ಪತ್ರೆಗೆ ಒಯ್ಯಬೇಕಾದ ಸ್ಥಿತಿ ಇದು. ಜೊತೆಗೆ ಜ್ವರ, ಸಹಿಸಲಾಗದ ತಲೆನೋವು, ಫಿಟ್ಸ್ ಇದ್ದರೆ ನಂಜು ಏರಿರಬಹುದು, ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆಗ ಶರೀರದ ಪರೀಕ್ಷೆಯೂ ತಡವಾಗಬಾರದು. ಬಾಣಂತಿಗೆ ನೀರು ಕೊಡಬಾರದೆಂದು ಬಾಯಾರಿಸಿ ಕೂರಿಸುವ ಪದ್ಧತಿ ಕೆಲವು ಮನೆಗಳಲ್ಲಿ ಇಂದಿಗೂ ಉಂಟು. ಶರೀರದ ಆರೈಕೆಯನ್ನು ಹೊಗಳಿದ ನಾವು ಇದೊಂದನ್ನು ಮಾತ್ರ ಬಿಡಿರೆಂದು ಹೇಳಲೇಬೇಕು.

ಸನ್ನಿ ಎದ್ದು ಕಾಣುತ್ತದೆ. ಕಾಣದೇ ಉಳಿಯುವುದು ಖಿನ್ನತೆ. ಹೆರಿಗೆಯ ಮೂರನೆಯ, ಐದನೆಯ ದಿನದ ಹೊತ್ತಿಗೆ ಕಾರಣವಿಲ್ಲದೆ ಅಳು ಬರುವುದು ಬಹಳ ತಾಯಂದಿರ ಅನುಭವ; ಅದು ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ, ಔಷಧ ಬೇಡ. ಎರಡು ವಾರ ಕಳೆದರೂ ಇಳಿಯದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಮಗು ಮಲಗಿದಾಗಲೂ ತನಗೆ ನಿದ್ದೆ ಬಾರದಿದ್ದರೆ, ತಾನು ಕೆಟ್ಟ ತಾಯಿ ಎಂಬ ಭಾವ ಕೊರೆಯುತ್ತಿದ್ದರೆ ಅದು ಬೇರೆ. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೊಂದು ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 2017ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಹೆರಿಗೆಯಾದ ತಾಯಂದಿರಲ್ಲಿ ಶೇ. 22ರಷ್ಟು ಮಂದಿಗೆ ಖಿನ್ನತೆ. ಒಂದು ಊರಿನಲ್ಲಿ ವರ್ಷಕ್ಕೆ ಐವತ್ತು ತೊಟ್ಟಿಲು ಕಟ್ಟಿದರೆ ಹನ್ನೊಂದು ತೊಟ್ಟಿಲ ಪಕ್ಕದಲ್ಲಿ ಹೀಗೊಬ್ಬ ತಾಯಿ ಇರಬಹುದೆಂದು ಅರ್ಥ. ಬಡತನ, ಗಂಡನ ಕುಡಿತ ಮತ್ತು ಹೊಡೆತ, ಹೆಣ್ಣು ಹುಟ್ಟಿತೆಂಬ ಮನೆಯವರ ಮುಖಭಾವ, ಇವು ಆ ಭಾರವನ್ನು ಹೆಚ್ಚಿಸುತ್ತವೆ.

ಹಾಗಾದರೆ ಇದನ್ನು ಗುರುತಿಸುವವರು ಯಾರು? ತಜ್ಞ ಮನೋವೈದ್ಯರು ಹಳ್ಳಿಹಳ್ಳಿಗೆ ಬರಲಾರರು. ಆದ್ದರಿಂದ ಇರುವ ಆರೋಗ್ಯ ಸಿಬ್ಬಂದಿಗೇ ಕಲಿಸಬೇಕೆಂಬ ವಿಚಾರ ಮೊಳೆತದ್ದರಲ್ಲಿ ನಮ್ಮ ನಾಡಿನ ಪಾಲು ದೊಡ್ಡದು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಗಳ ಬಗ್ಗೆ ತರಬೇತಿ ಕೊಟ್ಟು ನೋಡಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿ ಪ್ರಯೋಗವೇ ಮಾದರಿ. 2009ರಲ್ಲಿ ನಿಮ್ಹಾನ್ಸ್ ತಾಯಿಯೂ ಮಗುವೂ ಒಟ್ಟಿಗೆ ಇದ್ದು ಚಿಕಿತ್ಸೆ ಪಡೆಯುವ ವಿಶೇಷ ಘಟಕವನ್ನು ತೆರೆಯಿತು. ದೇಶದಲ್ಲಿ ಅಂಥದ್ದು ಅದೇ ಮೊದಲು. ಡಾ. ಪ್ರಭಾ ಚಂದ್ರ ಅವರಂಥ ಮನೋವೈದ್ಯರು ಗರ್ಭಿಣಿ-ಬಾಣಂತಿಯರ ಮನಸ್ಸಿನ ಆರೋಗ್ಯವನ್ನೇ ಒಂದು ಶಾಖೆಯಾಗಿ ಅಲ್ಲಿ ಬೆಳೆಸಿದರು. ತರಬೇತಿಗೆ ಬೇಕಾದ ತಿಳಿವಳಿಕೆ ನಮ್ಮ ರಾಜ್ಯದಲ್ಲೇ ಇದೆ. ಅದು ವರದೆ ಹುಟ್ಟುವ ಈ ಮೂಲೆಯವರೆಗೆ ಹರಿದು ಬರಬೇಕಾಗಿದೆ, ಅಷ್ಟೆ.

ತರಬೇತಿ ಎಂದರೇನು? ಒಂದು ದಿನದ ಕಾರ್ಯಾಗಾರ, ಫೋಟೋ, ಊಟ, ಪ್ರಮಾಣಪತ್ರ ಎಂದಾದರೆ ನಮ್ಮ ಆಸಕ್ತಿ ಅದರಲ್ಲಿಲ್ಲ. ಕಲಿಯಬೇಕಾದ ಮೊದಲನೆಯ ಸಂಗತಿ ಕೇಳುವ ಬಗೆ. 1987ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ರೂಪಿಸಿದ ಹತ್ತು ಪ್ರಶ್ನೆಗಳ ಮಾಪಕವೊಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಕಳೆದ ಏಳು ದಿನಗಳ ಮನಸ್ಸಿನ ಸ್ಥಿತಿಯನ್ನು ಅದು ಕೇಳುತ್ತದೆ. ಒಟ್ಟು ಅಂಕ 30. ಅದರ ಕನ್ನಡ ರೂಪವನ್ನು ಕರ್ನಾಟಕದ ಗ್ರಾಮೀಣ ಗರ್ಭಿಣಿಯರಲ್ಲಿ ಬಳಸಿ ಪರೀಕ್ಷಿಸಲಾಗಿದೆ. ಹತ್ತನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂಬುದು. ಅದಕ್ಕೆ "ಹೂಂ" ಎಂಬ ಉತ್ತರ ಬಂದರೆ ಒಟ್ಟು ಅಂಕ ಎಷ್ಟೇ ಇರಲಿ, ಅಂದೇ ವೈದ್ಯರಿಗೆ ತಿಳಿಸಬೇಕು. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ಹುಟ್ಟಿಸಿದಂತಾಗುವುದಿಲ್ಲವೇ ಎಂದು ಸಿಬ್ಬಂದಿ ಹೆದರುವುದುಂಟು. ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ. ಒಳಗೇ ಬೇಯುತ್ತಿದ್ದವಳಿಗೆ ಹೇಳಿಕೊಳ್ಳಲು ಬಾಗಿಲು ತೆರೆಯುತ್ತದೆ. ಈ ಅಳುಕನ್ನು ಬಿಡಿಸುವುದೇ ತರಬೇತಿಯ ಒಂದು ದೊಡ್ಡ ಭಾಗ.

ಭಾಷೆಯ ವಿಷಯವಾಗಿ ಇಲ್ಲಿ ಎರಡು ಮಾತು ಹೇಳುವ ಸಲುಗೆಯನ್ನು ವಹಿಸುತ್ತೇವೆ. 'ಖಿನ್ನತೆ' ನಮ್ಮಂಥವರ ಲೇಖನದ ಶಬ್ದ. ಹೊಸನಗರದ ತೋಟದ ಮನೆಯ ಹೆಣ್ಣುಮಗಳು "ಮಂಡೆಬಿಸಿ" ಎನ್ನುತ್ತಾಳೆ, "ಎದೆ ಭಾರ" ಎನ್ನುತ್ತಾಳೆ, "ಎಂಥದೂ ಬ್ಯಾಡ ಅನ್ನಿಸ್ತದೆ" ಎನ್ನುತ್ತಾಳೆ. ಬಹಳ ಸಲ ಅದನ್ನೂ ಹೇಳದೆ ಸೊಂಟನೋವು, ತಲೆನೋವು, ಹಾಲು ಸಾಲದು ಎಂದು ಮಾತ್ರ ಹೇಳುತ್ತಾಳೆ. ನಮೂನೆಯ ಶಬ್ದವನ್ನೇ ಹಿಡಿದು "ಖಿನ್ನತೆ ಇದೆಯೇ?" ಎಂದು ಕೇಳಿದರೆ "ಇಲ್ಲ" ಎಂಬ ಉತ್ತರ ಬರುತ್ತದೆ, ಕಾಗದವೂ ತುಂಬುತ್ತದೆ.

ಕೇಳುವ ಜಾಗವೂ ಮುಖ್ಯ. ಅತ್ತೆ, ನಾದಿನಿ, ಗಂಡ ಸುತ್ತ ನಿಂತಿರುವಾಗ ಯಾವ ಸೊಸೆ ಮನಸ್ಸು ಬಿಚ್ಚಿಯಾಳು? ಮಗುವಿನ ತೂಕ ನೋಡುವ ನೆಪದಲ್ಲಿ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಹತ್ತು ನಿಮಿಷ ಕೂರುವ ಜಾಣ್ಮೆಯನ್ನು ಅನುಭವಿ ಕಾರ್ಯಕರ್ತೆಯರೇ ಹೊಸಬರಿಗೆ ಹೇಳಿಕೊಡಬಲ್ಲರು. ಕೇಳಿದ್ದನ್ನು ಊರಲ್ಲಿ ಆಡದಿರುವುದು ಅದಕ್ಕಿಂತ ಕಷ್ಟದ ಪಾಠ, ಏಕೆಂದರೆ ಆಕೆಯೂ ಅದೇ ಊರಿನವಳು.

ಇನ್ನೊಂದು ತೊಡಕು ನಮ್ಮ ತವರುಮನೆಯ ಸಂಪ್ರದಾಯದಲ್ಲೇ ಇದೆ. ಮಲೆನಾಡಿನಲ್ಲಿ ತರಬೇತಿ ಕೊಡುವವರು ಇದನ್ನು ಮರೆಯಬಾರದು. ಹೊಸನಗರ ತಾಲ್ಲೂಕಿನ ಗಂಡನ ಮನೆಯಲ್ಲಿ ತಾಯಿ ಕಾರ್ಡ್ ಮಾಡಿಸಿದವಳು ಹೆರಿಗೆಗೆ ತೀರ್ಥಹಳ್ಳಿಯ ತವರಿಗೆ ಬರುತ್ತಾಳೆ. ಆಸ್ಪತ್ರೆಯ ಹೆರಿಗೆಯ ನಂತರ 3, 7, 14, 21, 28 ಮತ್ತು 42ನೆಯ ದಿನಗಳಂದು ತವರಿನ ಆಶಾ ಭೇಟಿ ಕೊಡುತ್ತಾರೆ. ಮೂರು ತಿಂಗಳೋ ಐದು ತಿಂಗಳೋ ಕಳೆದು ಅವಳು ಗಂಡನ ಮನೆಗೆ ಮರಳುತ್ತಾಳೆ. ತವರಿನ ಬೆಚ್ಚನೆಯ ಆರೈಕೆ ಮುಗಿದು, ಕೊಟ್ಟಿಗೆ, ಅಡಿಗೆ, ಕೂಸು ಎಲ್ಲ ಒಟ್ಟಿಗೆ ಮೈಮೇಲೆ ಬೀಳುವ ಕಾಲ ಅದು. ಖಿನ್ನತೆ ಮೊದಲ ವರ್ಷದ ಯಾವ ತಿಂಗಳಲ್ಲಾದರೂ ಬರಬಹುದು. ಆದರೆ ಗರ್ಭಿಣಿಯಾಗಿದ್ದಾಗ ಅವಳನ್ನು ಕಂಡವರು ಒಬ್ಬರು, ಬಾಣಂತಿಯಾಗಿ ಕಂಡವರು ಇನ್ನೊಬ್ಬರು. ಅವಳು ಮೊದಲಿನಂತಿಲ್ಲ ಎಂದು ಹೇಳಬಲ್ಲವರು ಯಾರೂ ಉಳಿಯುವುದಿಲ್ಲ. ಎರಡು ಊರಿನ ಕಾರ್ಯಕರ್ತೆಯರ ನಡುವೆ ಒಂದು ಫೋನು ಕರೆ ಸಾಕು. ಅದು ಕೆಲಸದ ಭಾಗವೆಂದು ಯಾರಾದರೂ ಹೇಳಿಕೊಟ್ಟಿರಬೇಕು.

ಗುರುತಿಸಿದ ಮೇಲೆ ಮುಂದೇನು? ಎಲ್ಲರಿಗೂ ಮಾತ್ರೆ ಬೇಕಿಲ್ಲ. ಪಾಕಿಸ್ತಾನದ ಹಳ್ಳಿಗಳಲ್ಲಿ ನಮ್ಮ ಆಶಾ ಕಾರ್ಯಕರ್ತೆಯರಂಥ ಆರೋಗ್ಯ ಸೇವಕಿಯರಿಗೆ ಮಾತಿನ ಮೂಲಕ ಮನಸ್ಸನ್ನು ಹದಗೊಳಿಸುವ ಕ್ರಮವನ್ನು ಕಲಿಸಿ ನಡೆಸಿದ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ, ಅವರ ನೆರವು ಪಡೆದ ತಾಯಂದಿರಲ್ಲಿ ಖಿನ್ನತೆ ಉಳಿದದ್ದು ಶೇ. 23 ಮಂದಿಯಲ್ಲಿ, ಪಡೆಯದವರಲ್ಲಿ ಶೇ. 53 ಮಂದಿಯಲ್ಲಿ. ಗೋವಾದಲ್ಲಿ ಇದೇ ಕ್ರಮವನ್ನು ಊರಿನ ಸಾಮಾನ್ಯ ಗೃಹಿಣಿಯರ ಮೂಲಕ ನಡೆಸಿದಾಗ ಫಲ ಇಷ್ಟು ದೊಡ್ಡದಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಪಾಕಿಸ್ತಾನದ ಸೇವಕಿಯರನ್ನು ತರಬೇತಿಯ ನಂತರ ಕೈಬಿಟ್ಟಿರಲಿಲ್ಲ. ತಿಂಗಳು ತಿಂಗಳೂ ಕೂರಿಸಿ ಅವರ ಕಷ್ಟ ಕೇಳುವವರಿದ್ದರು. ನಮ್ಮ ಕಡೆ ಬಿಟ್ಟುಹೋಗುವುದು ಇದೇ. ಗೌರವಧನಕ್ಕಾಗಿ ಬೀದಿಗಿಳಿಯಬೇಕಾದ ಕಾರ್ಯಕರ್ತೆಯ ತಲೆಯ ಮೇಲೆ ಮತ್ತೊಂದು ನಮೂನೆ ಹೇರಿ, ಅವಳ ಮನಸ್ಸನ್ನು ಯಾರೂ ಕೇಳದಿದ್ದರೆ ಅವಳು ಪರರ ಮನಸ್ಸನ್ನು ಎಷ್ಟು ದಿನ ಕೇಳಿಯಾಳು?

ವೈದ್ಯರಿಗೂ ಕಲಿಯಬೇಕಾದದ್ದಿದೆ. ಹಿಂದಿನ ಹೆರಿಗೆಯಲ್ಲಿ ಸನ್ನಿಯಾಗಿತ್ತೇ ಎಂದು ಗರ್ಭಿಣಿಯ ಮೊದಲ ಭೇಟಿಯಲ್ಲೇ ಕೇಳಬೇಕು. ಆಗಿದ್ದರೆ ಮರುಕಳಿಸುವ ಸಂಭವ ಅಧಿಕ. ಹಾಲುಣಿಸುವ ತಾಯಿಗೆ ಮನಸ್ಸಿನ ಔಷಧವೇ ಕೂಡದೆಂದು ಥಟ್ಟನೆ ನಿಲ್ಲಿಸಿಬಿಡುವುದು ತಪ್ಪು. ತಜ್ಞರ ನಿಗಾದಲ್ಲಿ ಮುಂದುವರಿಸಬಹುದಾದವು ಹಲವಿವೆ. ನಾವು ಹೇಳಿದ ಆ ಹೆಣ್ಣುಮಗಳನ್ನು ದಾಖಲಿಸಿಕೊಂಡಾಗ ಕೂಸನ್ನು ಮನೆಗೆ ಕಳುಹಿಸಿದ್ದರು; ಅವಳು ಮರಳುವಷ್ಟರಲ್ಲಿ ಹಾಲು ಬತ್ತಿಹೋಗಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೆಯ ಕಲಮಿನ ಪ್ರಕಾರ, ಚಿಕಿತ್ಸೆ ಪಡೆಯುತ್ತಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸುವಂತಿಲ್ಲ. ಮಗುವಿಗೆ ಅಪಾಯವಿದೆಯೆಂದು ಮನೋವೈದ್ಯರಿಗೆ ತೋರಿ ಅಗಲಿಸಿದರೂ ಹದಿನೈದು ದಿನಕ್ಕೊಮ್ಮೆ ಆ ನಿರ್ಧಾರವನ್ನು ಮರುಪರಿಶೀಲಿಸಬೇಕು. ಈ ನಿಯಮ ಕುಟುಂಬದವರಿಗೂ ತಿಳಿದಿರಲಿ.

ಕೊನೆಗೆ ಮಠದ ಪಾಲಿನ ಕೆಲಸ. ಬಸವಾದಿ ಶರಣರು ಪಂಚಸೂತಕಗಳನ್ನು ನಿರಾಕರಿಸಿದರು. ಜನನಸೂತಕ ಅವುಗಳಲ್ಲಿ ಒಂದು. ಆದರೂ ನಮ್ಮವರ ಮನೆಗಳಲ್ಲೇ ಬಾಣಂತಿಯನ್ನು ಮುಟ್ಟದೆ ಮೂಲೆಗೆ ಕೂರಿಸುವುದನ್ನು ನಾವು ಕಂಡಿದ್ದೇವೆ. ಕೂಸಿಗೆ ಲಿಂಗಧಾರಣೆ ಮಾಡಲು ಹೋಗುವ ಜಂಗಮರು ತೊಟ್ಟಿಲು ನೋಡಿ, ಕಾಣಿಕೆ ಪಡೆದು ಬರುತ್ತಾರೆ. ಇನ್ನು ಮುಂದೆ ತಾಯಿಯನ್ನೂ ಮಾತಾಡಿಸಿ ಬರಬೇಕೆಂದು ಶ್ರೀಗಳು ಅಪ್ಪಣೆ ಕೊಡಿಸಿದ್ದಾರೆ. ಬಾಣಂತಿಯನ್ನು ಮಠಕ್ಕೆ ಕರೆತಂದರೆ ಆಶೀರ್ವಾದ ಇದ್ದೇ ಇದೆ. ಆದರೆ ನಿದ್ದೆಯಿಲ್ಲ, ಗೊಂದಲವಿದೆ, ಸಾಯುವ ಮಾತಿದೆ ಎಂದಾದರೆ ಅಂದೇ ಅವರನ್ನು ಸಾಗರದ ಆಸ್ಪತ್ರೆಗೆ ತಲುಪಿಸಲು ಮಠದ ವಾಹನ ಸಿದ್ಧವಿರುತ್ತದೆ. ಮುಂದಿನ ಚಿಕಿತ್ಸೆಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಿದೆ. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತನಾಡಬಹುದಾದ ಸರ್ಕಾರದ ಟೆಲಿ-ಮನಸ್ ಉಚಿತ ಸಹಾಯವಾಣಿ 14416. ಆ ಸಂಖ್ಯೆಯನ್ನು ದಾಸೋಹಮಂದಿರದ ಬಾಗಿಲ ಪಕ್ಕದಲ್ಲಿ, ಹೆಂಗಸರು ಕೈತೊಳೆಯುವ ಕಡೆ, ದೊಡ್ಡ ಅಕ್ಷರದಲ್ಲಿ ಬರೆಸಿದ್ದೇವೆ.